ಗೆಡ್ಡೆ ಕೊಳೆತರೆ ತಪ್ಪು ರೈತನದೇ?

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಶೃಂಗೇರಿ ಸೀಮೆಯ ಕೆರೆಕಟ್ಟೆಯಲ್ಲಿ ಅಡಿಕೆ ಬೆಳೆಗಾರ ದಿನಕ್ಕೆ ನಾಲ್ಕು ಬಾರಿ ತಲೆಯೆತ್ತಿ ಕೊನೆಯನ್ನು ನೋಡುತ್ತಾನೆ. ಅದೇ ಹೊತ್ತಿಗೆ ಅದೇ ಜಿಲ್ಲೆಯ ಬಯಲು ಭಾಗದಲ್ಲಿ, ಅದರಾಚೆಗೆ ಹಾಸನ, ಬೇಲೂರು, ಅರಕಲಗೂಡುಗಳಲ್ಲಿ, ಆಲೂಗೆಡ್ಡೆ ನೆಟ್ಟವನು ತಲೆ ತಗ್ಗಿಸಿ ಎಲೆಯ ಅಡಿಯನ್ನು ನೋಡುತ್ತಾನೆ. ಒಬ್ಬನ ಭಯ ಕೊಳೆರೋಗದ್ದು, ಇನ್ನೊಬ್ಬನದು ಅಂಗಮಾರಿಯದು. ಇಬ್ಬರ ಮೇಲೂ ಸುರಿಯುವುದು ಒಂದೇ ಮುಂಗಾರು. ಇಬ್ಬರಿಗೂ ಬೆಳೆ ಕೊಡುವುದು ನೀರೇ, ಕಸಿದುಕೊಳ್ಳುವುದೂ ನೀರೇ.

ಬೆಳೆ ಹೋದ ಮೇಲೆ ಇಬ್ಬರಿಗೂ ಸಿಗುವ ಉಪದೇಶವೂ ಒಂದೇ. "ನೀರು ನಿಲ್ಲಲು ಬಿಟ್ಟಿರಿ, ಅತಿಯಾಗಿ ಹಾಯಿಸಿದಿರಿ, ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಯಲಿಲ್ಲ, ವೈಜ್ಞಾನಿಕ ಕ್ರಮವನ್ನು ಅನುಸರಿಸಲಿಲ್ಲ." ರೈತ ಕೇಳಿಸಿಕೊಂಡು ಮನೆಗೆ ಹೋಗುತ್ತಾನೆ. ಸಾಲದ ಕಂತಿನ ದಿನ ಮಾತ್ರ ಯಾವ ಉಪದೇಶಕ್ಕೂ ಕಾಯದೆ ಬರುತ್ತದೆ.

ಈ ಉಪದೇಶ ಸುಳ್ಳೆಂದು ನಾವು ಹೇಳುವುದಿಲ್ಲ. ಅದರಲ್ಲಿ ಬಹುಪಾಲು ನಿಜವೇ. ಆಲೂಗೆಡ್ಡೆಯ ಇಳುವರಿಯೂ ಅದರ ಗೆಡ್ಡೆಗೆ ತಗಲುವ ರೋಗಗಳೂ ನೀರಿನ ಕ್ರಮಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿವೆ ಎಂಬುದನ್ನು ಪ್ರತಿಯೊಬ್ಬ ರೈತನೂ ಅರಿಯಬೇಕು. ಆದರೆ ಆ ನೀರಿನ ಕೀಲಿ ನಿಜವಾಗಿ ಯಾರ ಕೈಯಲ್ಲಿದೆ ಎಂಬ ಇನ್ನೊಂದು ಪ್ರಶ್ನೆಯನ್ನು ಉಪದೇಶ ಮಾಡುವವರು ಕೇಳುವುದೇ ಇಲ್ಲ. ಇಂದಿನ ಈ ಲೇಖನದಲ್ಲಿ ಎರಡನ್ನೂ ವಿಚಾರಿಸಲು ಬಯಸುತ್ತೇವೆ.

ಮೊದಲು ಕೆರೆಕಟ್ಟೆಯ ಕಡೆಯವರಿಗೆ ಒಂದು ಮಾತು. ಆಲೂಗೆಡ್ಡೆಯ ಸುದ್ದಿ ನಮಗೇಕೆ ಎಂದು ಮಲೆನಾಡಿನ ಓದುಗರು ಹಾಳೆ ತಿರುವಬಾರದು. ಅಡಿಕೆಯ ಕೊಳೆರೋಗವನ್ನೂ ಆಲೂಗೆಡ್ಡೆಯ ಅಂಗಮಾರಿಯನ್ನೂ ತರುವ ಜೀವಿಗಳು ಒಂದೇ ಕುಲದವು. ಆ ಕುಲಕ್ಕೆ ಫೈಟಾಫ್ತೊರಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಗಿಡಗಳನ್ನು ನಾಶಮಾಡುವುದು ಎಂದರ್ಥ. ಇವನ್ನು ಬಹುಕಾಲ ಶಿಲೀಂಧ್ರಗಳೆಂದೇ ಎಣಿಸುತ್ತಿದ್ದರು. ನಿಜವಾದ ಶಿಲೀಂಧ್ರಗಳಿಗಿಂತ ಇವು ಬೇರೆಯೆಂದು ಈಗ ತಿಳಿದಿದೆ. ಇವುಗಳ ಬೀಜಕಣಗಳು ನೀರಿನ ಹನಿಯಲ್ಲಿ ಈಜಬಲ್ಲವು. ಎಲೆಯ ಮೇಲೆ, ಕಾಯಿಯ ಮೇಲೆ, ಮಣ್ಣಿನ ಸಂದಿನಲ್ಲಿ ತೇವದ ಒಂದು ಪೊರೆ ಇದ್ದರೆ ಸಾಕು, ಅದೇ ಅವಕ್ಕೆ ಹೊಳೆ. ಒಣಹವೆಯಲ್ಲಿ ಅವು ಬೇಗ ಸಾಯುತ್ತವೆ. ಆದುದರಿಂದ ಈ ರೋಗದ ಕಥೆಯೆಲ್ಲ ತೇವದ ಕಥೆ.

ಈ ವಿಚಾರದಲ್ಲಿ ನಮ್ಮ ಸೀಮೆಗೆ ಒಂದು ಹಳೆಯ ಅನುಭವವಿದೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ 1910ರಲ್ಲಿ ಅದರ ಮೇಲೆ ಒಂದು ಪ್ರಕಟಣೆಯನ್ನು ಹೊರಡಿಸಿದರು. ರೋಗದ ಕಾರಣವನ್ನು ತೋರಿಸಿಕೊಟ್ಟು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬೆಳೆಗಾರರಿಗೆ ಕಲಿಸಿದರು. ಅದಕ್ಕೆ ಮೊದಲು ನಮ್ಮವರು ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೊಟ್ಟೆಯ ಹಿಂದಿದ್ದ ತಿಳಿವಳಿಕೆ ಸರಿಯಾದದ್ದೇ: ಕಾಯಿಯ ಮೇಲೆ ನೀರು ನಿಲ್ಲಗೊಡಬಾರದು. ಕೋಲ್ಮನ್ನರು ಆ ತಿಳಿವಳಿಕೆಯನ್ನು ಹೀಯಾಳಿಸದೆ ಅದರ ಮೇಲೆಯೇ ಕಟ್ಟಿದರು. ನಮ್ಮ ರೈತರ "ಕೊಳೆರೋಗ" ಎಂಬ ಮಾತೇ ಪ್ರಪಂಚದ ವಿಜ್ಞಾನ ಗ್ರಂಥಗಳಲ್ಲಿ ಸೇರಿಹೋಯಿತು. ವಿಜ್ಞಾನವು ರೈತನ ತೋಟಕ್ಕೆ ಬಂದು, ಅವನ ಮಾತನ್ನು ಕೇಳಿ, ಅವನ ಕೈಗೆಟುಕುವ ಉಪಾಯವನ್ನು ಕೊಟ್ಟರೆ ಫಲ ಸಿಗುತ್ತದೆ ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಈ ಕೆಲಸವೇ ಸಾಕ್ಷಿ.

ಆಲೂಗೆಡ್ಡೆಯ ಕಥೆ ಇನ್ನೂ ಕ್ರೂರವಾದದ್ದು. 1845ರಲ್ಲಿ ಐರ್ಲೆಂಡಿನಲ್ಲಿ ಅಂಗಮಾರಿ ಕಾಣಿಸಿಕೊಂಡಿತು. ಆ ದೇಶದ ಬಡ ಗೇಣಿದಾರರು ಆಲೂಗೆಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದರು. ಹೊಲದಲ್ಲಿ ಬೆಳೆದ ಧಾನ್ಯ ಜಮೀನುದಾರನ ಗೇಣಿಗೆ ಹೋಗುತ್ತಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು. 10 ಲಕ್ಷಕ್ಕೂ ಮಿಕ್ಕಿ ಜನ ದೇಶ ಬಿಟ್ಟರು. ಜನ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹಡಗೇರುತ್ತಿತ್ತು. ರೋಗದ ಕಾರಣವನ್ನು ಜರ್ಮನಿಯ ಆಂಟನ್ ಡಿ ಬಾರಿ 1860ರ ದಶಕದಲ್ಲಿ ಸಾಧಿಸಿ ತೋರಿಸಿದರು. ರೋಗ ಬೆಳೆಯನ್ನು ಕೊಂದಿತು, ನಿಜ. ಜನರನ್ನು ಕೊಂದದ್ದು ರೋಗವೊಂದೇ ಅಲ್ಲ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಜಿಲ್ಲೆಗಳ ವಿಷಯಕ್ಕೂ ಅದು ಸಲ್ಲುತ್ತದೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಆಲೂಗೆಡ್ಡೆಯ ಬೇರು ಆಳಕ್ಕೆ ಇಳಿಯುವುದಿಲ್ಲ. ಬಹುಪಾಲು ಬೇರು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತದೆ. ಆದಕಾರಣ ರಾಗಿ, ಜೋಳಗಳು ತಡೆದುಕೊಳ್ಳುವಷ್ಟು ದಿನ ಇದು ಬಾಯಾರಿಕೆಯನ್ನು ತಡೆಯಲಾರದು. 120ರಿಂದ 150 ದಿನಗಳ ಬೆಳೆಗೆ 500ರಿಂದ 700 ಮಿ.ಮೀ. ನೀರು ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ. ನಮ್ಮಲ್ಲಿ ಮೂರು ಮೂರೂವರೆ ತಿಂಗಳಿಗೆ ಬರುವ ಬೆಳೆಗೆ ಅದಕ್ಕಿಂತ ಕಡಿಮೆ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆಗೆ ಹೋಲಿಸಿದರೆ ಇದು ಏನೂ ಅಲ್ಲವೆಂದು ತೋರಬಹುದು. ಆದರೆ ಇಲ್ಲಿ ಮುಖ್ಯವಾದುದು ಒಟ್ಟು ಎಷ್ಟು ಎಂಬುದಲ್ಲ, ಯಾವಾಗ ಎಷ್ಟು ಎಂಬುದು.

ಬೀಜ ನೆಟ್ಟಾಗ ಮಣ್ಣು ಹಸಿಯಾಗಿರಬೇಕು, ಕೆಸರಾಗಿರಬಾರದು. ಕತ್ತರಿಸಿದ ಬೀಜದ ಹೋಳು ಕೆಸರಿನಲ್ಲಿ ಬಿದ್ದರೆ ಮೊಳೆಯುವ ಮೊದಲೇ ಕೊಳೆಯುತ್ತದೆ. ನೆಟ್ಟು ಸುಮಾರು ಒಂದು ತಿಂಗಳು ಕಳೆಯುವ ಹೊತ್ತಿಗೆ ಗಿಡ ನೆಲದೊಳಗೆ ಗೆಡ್ಡೆ ಕಟ್ಟಲು ತೊಡಗುತ್ತದೆ. ಈ ಘಟ್ಟದಲ್ಲಿ ನೀರು ತಪ್ಪಿದರೆ ಗೆಡ್ಡೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಮುಂದೆ ಗೆಡ್ಡೆ ದಪ್ಪವಾಗುವ ಕಾಲ. ಆಗ ನೀರು ತಪ್ಪಿದರೆ ಗೋಲಿಯಷ್ಟೇ ಉಳಿಯುತ್ತದೆ. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ತುಂಬಿದರೆ ಗೆಡ್ಡೆ ಸೀಳುತ್ತದೆ, ಗಂಟುಗಂಟಾಗಿ ಮರುಬೆಳೆಯುತ್ತದೆ, ಒಳಗೆ ಟೊಳ್ಳಾಗುತ್ತದೆ. ಅಂಥ ಗೆಡ್ಡೆಯನ್ನು ಮಂಡಿಯವನು ಪಕ್ಕಕ್ಕೆ ತಳ್ಳುತ್ತಾನೆ. ಕೊನೆಗೆ, ಕೀಳುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ ನೀರು ನಿಲ್ಲಿಸಬೇಕು. ಆಗ ಸಿಪ್ಪೆ ಬಲಿತು ಗಟ್ಟಿಯಾಗುತ್ತದೆ. ಬಲಿಯದ ಸಿಪ್ಪೆಯ ಗೆಡ್ಡೆ ಚೀಲದಲ್ಲಿ ಉಜ್ಜಿ ಗಾಯವಾಗಿ ದಾರಿಯಲ್ಲೇ ಕೊಳೆಯತೊಡಗುತ್ತದೆ.

ಸಾಲು ಏರಿಸಿ ಬೋದಿನ ಮೇಲೆ ಗಿಡವಿದ್ದು ಕಾಲುವೆಯಲ್ಲಿ ನೀರು ಹರಿಸುವ ಹೊಲದಲ್ಲಿ, ನೀರು ಬೋದಿನ ಎತ್ತರದ ಮೂರರಲ್ಲಿ ಎರಡು ಪಾಲಿಗಿಂತ ಮೇಲೇರಬಾರದೆಂಬುದು ಹಳೆಯ ನಿಯಮ. ಬೋದು ಮುಳುಗಿದರೆ ಗೆಡ್ಡೆಗೆ ಉಸಿರು ಕಟ್ಟುತ್ತದೆ. ಗೆಡ್ಡೆಗೂ ಉಸಿರಾಟವುಂಟೇ ಎಂದು ನಗಬೇಡಿ. ಅತಿ ನೀರು ನಿಂತ ನೆಲದಿಂದ ಒಂದು ಗೆಡ್ಡೆ ಕಿತ್ತು ನೋಡಿದರೆ ಅದರ ಮೈಮೇಲೆ ಬಿಳಿಯ ಸಣ್ಣ ಗುಳ್ಳೆಗಳು ಎದ್ದಿರುವುದು ಕಾಣುತ್ತದೆ. ಅವು ಉಸಿರಿಗಾಗಿ ಬಾಯ್ತೆರೆದ ರಂಧ್ರಗಳು. ಆ ತೆರೆದ ಬಾಯಿಂದಲೇ ಮೆತುಕೊಳೆಯ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಬಿಳಿ ಗುಳ್ಳೆ ಕಂಡರೆ ನೀರು ತಡೆಯಬೇಕು, ಬಸಿಗಾಲುವೆ ಬಿಡಿಸಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಕಣ್ಣು ಸಾಕು.

ನೀರಿನ ಸಂಗತಿ ಇಷ್ಟಕ್ಕೇ ಮುಗಿದಿದ್ದರೆ "ಕಡಿಮೆ ಹಾಯಿಸು" ಎಂಬ ಒಂದು ಮಾತು ಎಲ್ಲಕ್ಕೂ ಔಷಧಿಯಾಗುತ್ತಿತ್ತು. ಆದರೆ ಹಾಗಿಲ್ಲ. ಆಲೂಗೆಡ್ಡೆಗೆ ಎರಡು ಬಗೆಯ ಕಜ್ಜಿ ಬರುತ್ತದೆ. ಸಾಧಾರಣ ಕಜ್ಜಿ ಎಂಬುದು ಗೆಡ್ಡೆ ಕಟ್ಟುವ ಕಾಲದಲ್ಲಿ ನೆಲ ಒಣಗಿದರೆ ಬರುತ್ತದೆ. ಆ ನಾಲ್ಕಾರು ವಾರ ಮಣ್ಣನ್ನು ತೇವವಾಗಿಟ್ಟರೆ ಅದು ಬಹಳಮಟ್ಟಿಗೆ ತಗ್ಗುತ್ತದೆಂದು 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳು ತೋರಿಸಿದವು. ಇನ್ನೊಂದು ಹುಡಿಕಜ್ಜಿ. ಅದು ತಂಪಾದ ಹವೆಯಲ್ಲಿ, ನೀರು ನಿಂತ ನೆಲದಲ್ಲಿ ಬರುತ್ತದೆ. ಒಂದಕ್ಕೆ ಔಷಧಿಯಾದ ನೀರು ಇನ್ನೊಂದಕ್ಕೆ ಆಹಾರ. ಗೆಡ್ಡೆಯ ಮೇಲಿನ ಹುರುಕನ್ನು ನೋಡಿ ಯಾವ ಕಜ್ಜಿ ಎಂದು ಹೇಳಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ರೈತ ಏನು ಮಾಡಬೇಕು? ಅಂಗಡಿಯವನನ್ನು ಕೇಳುತ್ತಾನೆ. ಅಂಗಡಿಯವನು ಯಾವ ಡಬ್ಬಿ ಉಳಿದಿದೆಯೋ ಅದನ್ನು ಕೊಡುತ್ತಾನೆ.

ದುಂಡಾಣು ಸೊರಗು ರೋಗದ ವಿಷಯ ಇನ್ನೂ ಗಂಭೀರವಾದುದು. ಹಸುರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋಲುಬೀಳುತ್ತದೆ. ಗೆಡ್ಡೆ ಕೊಯ್ದರೆ ಒಳಗೆ ಕಂದು ಬಣ್ಣದ ಉಂಗುರ. ಸಂಶಯ ಬಂದರೆ ಕಾಂಡದ ಬುಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ನೆಟ್ಟಗೆ ಹಿಡಿದು ನೋಡಬಹುದು. ರೋಗವಿದ್ದರೆ ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ನೀರಿಗೆ ಇಳಿಯುತ್ತದೆ. ಈ ರೋಗ ಬೀಜದಲ್ಲಿ ಅಡಗಿ ಬರುತ್ತದೆ, ಬೀಜ ಕತ್ತರಿಸುವ ಚಾಕುವಿನಲ್ಲಿ ಹರಡುತ್ತದೆ, ಹರಿಯುವ ನೀರಿನಲ್ಲಿ ಪಯಣ ಮಾಡುತ್ತದೆ. ಮೇಲಿನ ಹೊಲದ ಕಾಲುವೆಯ ನೀರು ಕೆಳಗಿನ ಹೊಲಕ್ಕೆ ಇಳಿದರೆ ಮೇಲಿನವನ ರೋಗವೂ ಇಳಿಯುತ್ತದೆ. ಆಲೂಗೆಡ್ಡೆ ಮಾತ್ರವಲ್ಲ, ಟೊಮೇಟೊ, ಬದನೆ, ಮೆಣಸಿನಕಾಯಿಗಳಿಗೂ ಅದು ಹತ್ತುತ್ತದೆ. ಇಂಥ ರೋಗವನ್ನು ಒಬ್ಬ ರೈತ ಒಬ್ಬನೇ ಗೆಲ್ಲಲಾರ. ಒಂದು ಊರಿನ ನೀರಿನ ಇಳಿಜಾರಿನಲ್ಲಿರುವವರೆಲ್ಲ ಕೂಡಿ ತೀರ್ಮಾನಿಸಬೇಕು: ಈ ವರ್ಷ ರಾಗಿ, ಮುಂದಿನ ವರ್ಷ ಜೋಳ, ಆಮೇಲೆ ಆಲೂಗೆಡ್ಡೆ ಎಂದು.

ಇನ್ನು ಅಂಗಮಾರಿ. ಮೋಡ ಕವಿದು, ತಂಪು ಹತ್ತಿ, ಎಲೆ ಆರದೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಅದು ಹುಟ್ಟುತ್ತದೆ. ವಾರದೊಳಗೆ ಒಂದು ಚುಕ್ಕೆಯಿಂದ ಸಾವಿರಾರು ಬೀಜಕಣಗಳು ಗಾಳಿಗೇರುತ್ತವೆ. ಮಳೆಯ ಹನಿ ಅವನ್ನು ಎಲೆಯಿಂದ ತೊಳೆದು ಮಣ್ಣಿಗಿಳಿಸುತ್ತದೆ. ಬೋದಿನಲ್ಲಿ ಬಿರುಕಿದ್ದರೆ, ಗೆಡ್ಡೆ ಮೇಲಕ್ಕೆ ಕಾಣುತ್ತಿದ್ದರೆ, ಅಲ್ಲಿಗೂ ತಲಪುತ್ತವೆ. ಅದಕ್ಕೇ ಮಣ್ಣೇರಿಸುವ ಕೆಲಸವನ್ನು ಸೋಮಾರಿತನದಿಂದ ಬಿಡಬಾರದು. ಎಲೆ ಸುಟ್ಟುಹೋದ ಮೇಲೆ ಕಾಂಡಗಳನ್ನು ಕತ್ತರಿಸಿ ಹೊರಗೆ ಹಾಕಿ, ಹತ್ತು ಹದಿನೈದು ದಿನ ಬಿಟ್ಟು ಗೆಡ್ಡೆ ಕೀಳಬೇಕು. ತುಂತುರು ನೀರಾವರಿ ಇಟ್ಟವರು ಸಂಜೆ ಹೊತ್ತು ಅದನ್ನು ಬಿಡಬಾರದು. ರಾತ್ರಿಯಿಡೀ ಎಲೆ ಒದ್ದೆಯಾಗಿರುತ್ತದೆ. ಬುಡಕ್ಕೆ ಮಾತ್ರ ನೀರು ಕೊಡುವ ಹನಿ ನೀರಾವರಿಯಲ್ಲಿ ಎಲೆ ಒಣಗಿರುತ್ತದೆ, ನೀರೂ ಉಳಿಯುತ್ತದೆ.

ಇವೆಲ್ಲ ತಿಳಿದ ಮಾತುಗಳು. ಪುಸ್ತಕದಲ್ಲಿವೆ, ಕರಪತ್ರದಲ್ಲಿವೆ, ಆಕಾಶವಾಣಿಯ ಕೃಷಿರಂಗದಲ್ಲಿಯೂ ಬಂದಿವೆ. ಈಗ ಎರಡನೆಯ ಪ್ರಶ್ನೆಯನ್ನು ಕೇಳೋಣ. ಇಷ್ಟೆಲ್ಲ ಬಲ್ಲ ರೈತನ ಕೈಯಲ್ಲಿ ನೀರಿನ ಕೀಲಿ ಇದೆಯೇ?

ಹಾಸನ ಸೀಮೆಯ ಮುಖ್ಯ ಆಲೂಗೆಡ್ಡೆ ಬೆಳೆ ಮುಂಗಾರಿನದು. ಮೇ, ಜೂನ್‌ಗಳಲ್ಲಿ ಮೊದಲ ಮಳೆಗೆ ನೆಡುತ್ತಾರೆ. ಗೆಡ್ಡೆ ದಪ್ಪವಾಗುವ ಕಾಲಕ್ಕೆ ಸರಿಯಾಗಿ ಜುಲೈ, ಆಗಸ್ಟ್‌ಗಳ ಜಡಿಮಳೆ ಹಿಡಿಯುತ್ತದೆ. ಇಲ್ಲಿ ನೀರಾವರಿ ಮಾಡುವವನು ಆಕಾಶದ ಮೋಡ. ಮೋಡಕ್ಕೆ ಉಪದೇಶ ಮಾಡಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ನೀರಾವರಿ ಎಂದರೆ ಮುಖ್ಯವಾಗಿ ಬಿದ್ದ ನೀರನ್ನು ಹೊರಹಾಕುವ ವಿದ್ಯೆ. ಅಡಿಕೆ ತೋಟದವರು ಇದನ್ನು ಚೆನ್ನಾಗಿ ಬಲ್ಲರು. ಮಳೆಗಾಲಕ್ಕೆ ಮುಂಚೆ ತೋಟದ ಬಸಿಗಾಲುವೆ ಬಿಡಿಸದವನನ್ನು ಕೆರೆಕಟ್ಟೆಯಲ್ಲಿ ಯಾರೂ ಬೆಳೆಗಾರನೆಂದು ಕರೆಯರು. ಬಯಲಿನ ಒಂದು ಎರಡು ಎಕರೆಯವನು ತನ್ನ ಹೊಲದಲ್ಲಿ ಕಾಲುವೆ ತೋಡಿದರೂ, ಆ ನೀರು ಹೋಗಿ ಬೀಳುವ ಹಳ್ಳ ಒತ್ತುವರಿಯಾಗಿದ್ದರೆ, ಹೂಳು ತುಂಬಿದ್ದರೆ, ಅದು ತಿರುಗಿ ಅವನ ಹೊಲಕ್ಕೇ ಬರುತ್ತದೆ. ಹಳ್ಳವನ್ನು ಬಿಡಿಸುವ ಅಧಿಕಾರ ಅವನಿಗುಂಟೆ?

ಕೊಳವೆ ಬಾವಿಯುಳ್ಳವನ ಸ್ಥಿತಿಯನ್ನು ನೋಡೋಣ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಇದು ರೈತ ಹೋರಾಡಿ ಪಡೆದದ್ದು. ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಮೂರು ಫೇಸಿನ ವಿದ್ಯುತ್ತು ದಿನಕ್ಕೆ 7 ಗಂಟೆ ಎಂಬುದು ಸರಕಾರದ ಮಾತು. ಆ ಏಳು ಗಂಟೆ ಯಾವಾಗ ಬರುತ್ತದೆ, ಎಷ್ಟು ತುಂಡಾಗಿ ಬರುತ್ತದೆ ಎಂಬುದನ್ನು ರೈತ ನಿರ್ಧರಿಸುವುದಿಲ್ಲ. ಅನೇಕ ಕಡೆ ಅದರ ಒಂದು ಪಾಲು ರಾತ್ರಿ ಬರುತ್ತದೆ. ನಡುರಾತ್ರಿ ಹಾವು, ಕಾಡುಪ್ರಾಣಿಗಳ ಭಯದಲ್ಲಿ ಹೊಲಕ್ಕೆ ಹೋಗಿ ಕಾಲುವೆ ಕಾಲುವೆಗೂ ಮಡೆ ಕಟ್ಟುತ್ತ ಕೂರುವುದು ಸಾಧ್ಯವೆ? ಅವನು ತಾನೇ ಚಾಲೂ ಆಗುವ ಸ್ವಿಚ್ಚು ಹಾಕಿ ಮಲಗುತ್ತಾನೆ. ಕರೆಂಟು ಇರುವಷ್ಟು ಹೊತ್ತೂ ನೀರು ಒಂದೇ ಕಡೆ ಹರಿಯುತ್ತದೆ. ಕೆಳಗಿನ ಬೋದು ಮುಳುಗುತ್ತದೆ, ಮೇಲಿನ ಬೋದು ಒಣಗುತ್ತದೆ. ಒಂದೇ ಹೊಲದಲ್ಲಿ ಒಂದು ಮೂಲೆಗೆ ಕೊಳೆ, ಇನ್ನೊಂದು ಮೂಲೆಗೆ ಕಜ್ಜಿ. ಮರುದಿನ ಬಂದ ಅಧಿಕಾರಿ "ಅವೈಜ್ಞಾನಿಕ ನೀರಾವರಿ" ಎಂದು ಬರೆದುಕೊಳ್ಳುತ್ತಾನೆ. ನಾಳೆ ಕರೆಂಟು ಬರುವುದೋ ಇಲ್ಲವೋ ಎಂಬ ಅನುಮಾನದಲ್ಲಿ ಇಂದೇ ಎರಡು ದಿನದ ನೀರು ಕುಡಿಸುವುದು ಅಜ್ಞಾನವಲ್ಲ. ಅದು ಅಭದ್ರತೆಯ ಲೆಕ್ಕಾಚಾರ.

ಹಿಂದೆ ಮೈಸೂರು ಸೀಮೆಯ ಕೆರೆಗಳ ಹಳ್ಳಿಗಳಲ್ಲಿ ನೀರಗಂಟಿ ಇರುತ್ತಿದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು, ಯಾರ ಸರದಿ ಎಂದು ಎಂಬುದನ್ನು ಅವನು ಬಲ್ಲವನಾಗಿದ್ದ. ಅವನ ಕಾಲ ಸುವರ್ಣಯುಗವಾಗಿತ್ತೆಂದು ನಾವು ಹೇಳುವುದಿಲ್ಲ. ದೊಡ್ಡವರ ಗದ್ದೆಗೆ ಮೊದಲು ನೀರು ಹೋಗುತ್ತಿದ್ದ ಊರುಗಳೂ ಉಂಟು. ಆದರೂ ನೀರು ಬಿಡುವವನು ಬೆಳೆಯನ್ನು ಕಣ್ಣಿಂದ ನೋಡುತ್ತಿದ್ದ. ಈಗ ನೀರಗಂಟಿಯ ಕೆಲಸ ವಿದ್ಯುತ್ ಕಂಪನಿಯ ವೇಳಾಪಟ್ಟಿಗೆ ಬಂದಿದೆ. ಆ ಪಟ್ಟಿ ಬರೆಯುವವನಿಗೆ ಆಲೂಗೆಡ್ಡೆ ಗೆಡ್ಡೆ ಕಟ್ಟುವ ವಾರ ಯಾವುದೆಂದು ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಹನಿ ನೀರಾವರಿ ಒಳ್ಳೆಯದೆಂದೆವು. ಅದಕ್ಕೆ ಸಹಾಯಧನವೂ ಉಂಟು. ಆದರೆ ಗುತ್ತಿಗೆಗೆ ಹೊಲ ಮಾಡುವವನಿಗೆ ಪಹಣಿ ಇಲ್ಲ. ಪಹಣಿ ಇಲ್ಲದವನಿಗೆ ಸಹಾಯಧನದ ಅರ್ಜಿ ನಮೂನೆಯೂ ಪರದೇಶ. ಒಂದು ಬೆಳೆಗೆ ಹೊಲ ಹಿಡಿದವನು ಹಲವು ವರ್ಷ ಬಾಳುವ ಪೈಪನ್ನು ಯಾವ ಧೈರ್ಯದ ಮೇಲೆ ಹೂಳಿಸಬೇಕು?

ಬೀಜದ ಮಾತು ಬಿಟ್ಟರೆ ಈ ಲೇಖನ ಅರ್ಧವಾದೀತು. ನಮ್ಮ ಸೀಮೆಯ ಬೀಜದ ಗೆಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರದ ಕಡೆಯಿಂದ ಬರುತ್ತದೆ. ಅಲ್ಲಿನ ಚಳಿಗಾಲದಲ್ಲಿ ನಂಜುರೋಗ ಹರಡುವ ಹೇನುಗಳು ಕಡಿಮೆಯಾದ್ದರಿಂದ ಅಲ್ಲಿ ಬೀಜ ಬೆಳೆಯುವುದು ಸರಿಯೇ. ಬಂದ ಬೀಜ ಹಾಸನದ ಶೀತಲಗೃಹಗಳಲ್ಲಿ ಕೂತು ಮೇ ತಿಂಗಳಲ್ಲಿ ಮಾರಾಟಕ್ಕೆ ಇಳಿಯುತ್ತದೆ. ತಳಿ ಬಹುಕಾಲದಿಂದ ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದದ್ದು. ಒಂದು ಕಾಲಕ್ಕೆ ಅಂಗಮಾರಿಯನ್ನು ತಡೆಯುತ್ತಿತ್ತು. ಆ ಶಕ್ತಿ ಬಹಳ ಹಿಂದೆಯೇ ಕುಂದಿತು. ಈ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಿಂದ ದಕ್ಷಿಣ ಭಾರತದಲ್ಲಿ ಅಂಗಮಾರಿ ಉಗ್ರವಾದಾಗ, ರೋಗಕಾರಕದ ‘13-ಎ2’ ಎಂಬ ಹೊಸ ವಂಶ ಹರಡಿರುವುದನ್ನೂ, ಅದು ಮೆಟಲಾಕ್ಸಿಲ್ ಎಂಬ ಹೆಸರಾಂತ ಔಷಧಿಗೆ ಬಗ್ಗದಿರುವುದನ್ನೂ ಸಂಶೋಧಕರು ಕಂಡುಹಿಡಿದರು. ಬಗ್ಗದ ರೋಗಕ್ಕೆ ಅದೇ ಔಷಧಿಯನ್ನು ಮೂರು ಸಲದ ಬದಲು ಆರು ಸಲ ಹೊಡೆದು ರೈತ ಸಾಲವನ್ನು ಬೆಳೆಸಿಕೊಂಡದ್ದು ಅವನ ತಪ್ಪೆ? ಬೀಜವೇ ಈ ಬೆಳೆಯ ಖರ್ಚಿನ ಬಹುದೊಡ್ಡ ಪಾಲು. ಅದನ್ನು ಕೊಳ್ಳುವಾಗ ಚೀಲದೊಳಗೆ ರೋಗವಿದೆಯೋ ಇಲ್ಲವೋ ಎಂದು ನೋಡುವ ಉಪಾಯ ಕೊಳ್ಳುವವನಿಗೆ ಇಲ್ಲ.

ಹೀಗಾಗಿ ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆಯ ವಿಸ್ತೀರ್ಣ ಬಹುವಾಗಿ ಕುಗ್ಗಿತು. ಜನ ಮುಸುಕಿನ ಜೋಳಕ್ಕೆ ಹೋದರು, ಶುಂಠಿಗೆ ಹೋದರು. "ಬೆಳೆ ಬದಲಿಸಿದರಾಯಿತು" ಎನ್ನುವ ಬುದ್ಧಿವಂತರಿಗೆ ನಾವು ಹೇಳುವುದಿಷ್ಟೆ: ಜೋಳಕ್ಕೆ ಹೋದದ್ದು ನೆಲಕ್ಕೆ ಒಳ್ಳೆಯದೇ ಇರಬಹುದು. ಆದರೆ ಶುಂಠಿಗೂ ನೀರು ನಿಂತ ನೆಲದಲ್ಲಿ ಕೊಳೆ ಬರುತ್ತದೆ, ಅದಕ್ಕೂ ದುಂಡಾಣು ಸೊರಗು ತಗಲುತ್ತದೆ. ಬೆಳೆ ಬದಲಾದರೂ ಬಸಿಯದ ನೀರು ಬದಲಾಗಲಿಲ್ಲ. ಇತ್ತ ಕೆರೆಕಟ್ಟೆ, ಕೊಪ್ಪ, ನರಸಿಂಹರಾಜಪುರಗಳಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಹತ್ತಿ ದಶಕಗಳೇ ಸಂದವು, ಅದರ ಮೇಲೆ ಎಲೆಚುಕ್ಕೆಯೂ ಬಂದಿತು. ಈ ಬೆಳೆಗಾರರಿಗೆ ಬೇರೆ ಬೆಳೆಯನ್ನು ಸೂಚಿಸುವವರು ಅಲ್ಲಿನ ಮಳೆಯನ್ನು ಒಂದು ದಿನವಾದರೂ ನೆನೆದು ನೋಡಿದ್ದಾರೆಯೆ?

ಹಾಗಾದರೆ ಏನಾಗಬೇಕು? ಆಗುವ ಮಾತನ್ನೇ ಹೇಳುತ್ತೇವೆ.

ಒಂದು: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಇಟ್ಟಿದ್ದಾರೆ, ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳಿವೆ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಅಂಗಮಾರಿಯನ್ನು ಮುಂದಾಗಿ ತಿಳಿಸುವ ಇಂಡೋ-ಬ್ಲೈಟ್‌ಕಾಸ್ಟ್ ಎಂಬ ಕ್ರಮವನ್ನು ರೂಪಿಸಿದೆ. ಯಂತ್ರ ಇಲ್ಲಿದೆ, ಲೆಕ್ಕ ಅಲ್ಲಿದೆ. ಇವೆರಡನ್ನು ಕೂಡಿಸಿ "ಈ ಹೋಬಳಿಯಲ್ಲಿ ಮೂರು ದಿನದೊಳಗೆ ಔಷಧಿ ಹೊಡೆಯಿರಿ, ನೀರು ನಿಲ್ಲಿಸಿರಿ" ಎಂಬ ಒಂದು ಸಾಲು ಕನ್ನಡದಲ್ಲಿ ಪ್ರತಿ ರೈತನ ದೂರವಾಣಿಗೆ ಹೊತ್ತಿಗೆ ಸರಿಯಾಗಿ ತಲಪಬೇಕು. ಅಡಿಕೆಯ ಕೊಳೆರೋಗಕ್ಕೂ ಇಂಥದೇ ಎಚ್ಚರಿಕೆ ಬೇಕು. ರೋಗ ಬಂದ ಮೇಲೆ ಬರುವ ಪ್ರಕಟಣೆ ಯಾರಿಗೂ ಬೇಡ.

ಎರಡು: ಪಂಪ್‌ಸೆಟ್ಟಿನ ವಿದ್ಯುತ್ತು ಹಗಲು ಹೊತ್ತು ಬರಬೇಕು, ವಾರದ ಮೊದಲೇ ಸಾರಿದ ಗಂಟೆಗಳಲ್ಲಿ ಬರಬೇಕು. ಗಂಟೆ ಹೆಚ್ಚಿಸುವುದಕ್ಕಿಂತ ಅದು ನಂಬಿಕೆಗೆ ಅರ್ಹವಾಗುವುದು ಮುಖ್ಯ. ನಾಳೆಯ ಕರೆಂಟನ್ನು ನಂಬಬಲ್ಲವನು ಇಂದು ಬೋದು ಮುಳುಗಿಸುವುದಿಲ್ಲ.

ಮೂರು: ಗ್ರಾಮೀಣ ಉದ್ಯೋಗದ ಕೆಲಸಗಳಲ್ಲಿ ಬಸಿಗಾಲುವೆಗೂ ಹಳ್ಳ ಬಿಡಿಸುವುದಕ್ಕೂ ಮೊದಲ ಸ್ಥಾನ ಸಿಗಬೇಕು. ಮಳೆ ಬಂದ ಮೇಲೆ ಅಲ್ಲ, ಏಪ್ರಿಲ್, ಮೇ ತಿಂಗಳಲ್ಲಿ. ಕೂಲಿಯವನಿಗೆ ಕೆಲಸವೂ ಆಯಿತು, ರೈತನ ಗೆಡ್ಡೆಯೂ ಉಳಿಯಿತು. ಹಳ್ಳ ಒತ್ತಿಕೊಂಡವರು ದೊಡ್ಡವರಾದರೂ ತೆರವು ಮಾಡಿಸಬೇಕು.

ನಾಲ್ಕು: ಬೀಜವನ್ನು ವ್ಯಾಪಾರಿಯ ಮರ್ಜಿಗೆ ಬಿಡಬಾರದು. ಚೀಲದ ಮೇಲೆ ಪರೀಕ್ಷೆಯ ಮುದ್ರೆ ಇರಬೇಕು, ಬೀಜ ಕೊಳೆತರೆ ಮಾರಿದವನು ಹೊಣೆಯಾಗಬೇಕು. ಅಂಗಾಂಶ ಕೃಷಿಯ ರೋಗರಹಿತ ಗಿಡಗಳಿಂದ ಕುಡಿ ಕತ್ತರಿಸಿ ಬೇರು ಬರಿಸಿ ಸಸಿ ಮಾಡುವ ಕ್ರಮವನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಹಾಗೂ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದವರು ಹಾಸನದ ಕಡೆಗೆ ತಂದಿದ್ದಾರೆ. ಈ ಸಸಿಗಳ ನರ್ಸರಿಗಳು ಕೆಲವರ ಲಾಭದ ಉದ್ಯಮವಾಗಿ ಉಳಿಯದೆ ಹೋಬಳಿಗೊಂದು ಸಹಕಾರಿ ನರ್ಸರಿಯಾಗಲಿ. ನಮ್ಮ ಬೀಜವನ್ನು ನಾವೇ ಮಾಡಿಕೊಳ್ಳುವ ದಾರಿ ಅದು.

ಐದು: ತಾಲ್ಲೂಕಿಗೊಂದು ರೋಗ ಗುರುತಿಸುವ ಸಣ್ಣ ಪ್ರಯೋಗಶಾಲೆ ಬೇಕು. ಸಂತೆಯ ದಿನ ರೈತ ರೋಗದ ಗೆಡ್ಡೆಯನ್ನು ಚೀಲದಲ್ಲಿ ತಂದರೆ ಸಂಜೆಯೊಳಗೆ ಇದು ಯಾವ ಕಜ್ಜಿ, ನೀರು ಹೆಚ್ಚಿಸಬೇಕೇ ತಗ್ಗಿಸಬೇಕೇ ಎಂದು ಹೇಳಿ ಕಳುಹಿಸಬೇಕು. ಗುತ್ತಿಗೆಯ ರೈತನಿಗೂ ಈ ಸೌಲಭ್ಯ, ಸಹಾಯಧನ, ವಿಮೆ ಎಲ್ಲವೂ ಪಹಣಿಯ ಹಂಗಿಲ್ಲದೆ ಸಿಗಬೇಕು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯನ್ನು ಊರಿನ ಘಟಕದ ಸರಾಸರಿಯಲ್ಲಿ ಅಳೆಯುತ್ತಾರೆ. ಆ ಸರಾಸರಿಯಲ್ಲಿ ತಗ್ಗಿನ ಹೊಲದಲ್ಲಿ ಪೂರ್ತಿ ಕೊಳೆತವನ ನಷ್ಟ ದಿಬ್ಬದ ಹೊಲದವನ ಬೆಳೆಯಲ್ಲಿ ಕರಗಿಹೋಗಬಹುದು. ನೀರಿನ ನಷ್ಟ ಎಂದಿಗೂ ಸಮನಾಗಿ ಬ�ೀಳುವುದಿಲ್ಲವೆಂಬ ಸಣ್ಣ ಸತ್ಯವನ್ನು ನಷ್ಟ ಅಳೆಯುವವರು ಮರೆಯಬಾರದು.

ರೈತ ಬಂಧುಗಳಿಗೂ ಒಂದು ಮಾತು. ಸರಕಾರ ಮಾಡುವವರೆಗೆ ಕೈಕಟ್ಟಿ ಕೂರುವುದು ನಮ್ಮ ಸಲಹೆಯಲ್ಲ. ಬೋದನ್ನು ಎತ್ತರಿಸುವುದು, ಬೀಜದ ಚಾಕುವನ್ನು ಆಗಾಗ ಶುದ್ಧಮಾಡುವುದು, ರೋಗದ ಹೊಲದ ನೀರನ್ನು ನೆರೆಯವನ ಹೊಲಕ್ಕೆ ಬಿಡದಿರುವುದು, ಲೋಟದ ನೀರಿನಲ್ಲಿ ಕಾಂಡ ಹಿಡಿದು ನೋಡುವುದು, ಕೀಳುವ ಮುನ್ನ ನೀರು ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಒಂದೇ ಹಳ್ಳಕ್ಕೆ ನೀರಿಳಿಯುವ ಹೊಲಗಳವರು ಯುಗಾದಿ ಕಳೆದ ಮೇಲೆ ಒಂದು ಸಂಜೆ ಕೂಡಿ ಕುಳಿತು ಈ ವರ್ಷದ ಬೆಳೆ, ಕಾಲುವೆ, ಸರದಿಗಳನ್ನು ಗೊತ್ತುಮಾಡಿಕೊಳ್ಳಿ. ನಮ್ಮ ಹೊಸ ನೀರಗಂಟಿ ಆ ಕೂಟವೇ ಆಗಬಲ್ಲುದು. ನೀವು ಕೂಡಿದರೆ ಇಲಾಖೆಯ ಮುಂದೆ ನಿಲ್ಲುವಾಗಲೂ ಒಬ್ಬೊಬ್ಬರಾಗಿ ಬೈಸಿಕೊಳ್ಳಬೇಕಾಗುವುದಿಲ್ಲ.

ಕೆರೆಕಟ್ಟೆಗೆ ದೂರವಲ್ಲದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯಿದೆ. ಮಳೆ ಬಾರದಿದ್ದರೆ ಬರಲೆಂದು ಜನ ಅಲ್ಲಿ ಬೇಡಿಕೊಳ್ಳುತ್ತಾರೆ. ಮಳೆ ಮಿತಿಮೀರಿದರೆ ನಿಲ್ಲಲೆಂದೂ ಅಲ್ಲಿಯೇ ಬೇಡಿಕೊಳ್ಳುತ್ತಾರೆ. ಬೇಕಾದಾಗ ಬರಬೇಕು, ಸಾಕಾದಾಗ ನಿಲ್ಲಬೇಕು ಎಂಬ ಆ ಹರಕೆಯಲ್ಲಿ ನೀರಾವರಿ ಶಾಸ್ತ್ರವೆಲ್ಲ ಅಡಗಿದೆ. ಮುಗಿಲಿನ ನೀರನ್ನು ಕುರಿತು ಹರಕೆ ಹೊರುವುದು ಅವರವರ ನಂಬಿಕೆ. ಆದರೆ ವಿದ್ಯುತ್ತಿನ ಗಂಟೆ, ಹಳ್ಳದ ಹೂಳು, ಬೀಜದ ಚೀಲ, ಮಳೆಮಾಪಕದ ಲೆಕ್ಕ ಇವು ಮುಗಿಲಿನಿಂದ ಇಳಿಯುವುದಿಲ್ಲ. ಇವು ನಮ್ಮ ತೆರಿಗೆಯ ಹಣದಿಂದ ನಡೆಯುವ ಕಚೇರಿಗಳಲ್ಲಿವೆ. ಅಲ್ಲಿಗೆ ಹರಕೆಯೊಡನೆ ಹೋಗಬೇಕಾಗಿಲ್ಲ, ಹಕ್ಕಿನೊಡನೆ ಹೋಗಬೇಕು. ಮುಂದಿನ ಬಿತ್ತನೆಗೆ ಮುಂಚೆ ಹೋಗಬೇಕು.